ಕೀಬೋರ್ಡ್ ಕೇಬಲ್ ತುಂಡಾದರೆ ಮನೆಯಲ್ಲೇ ಸರಿಮಾಡುವುದು ಹೇಗೆ

ಕೀಬೋರ್ಡ್ ಇದ್ದಕ್ಕಿದ್ದಂತೆ ಸತ್ತುಹೋದರೆ ಮೊದಲು ಅನುಮಾನಿಸಬೇಕಾದ್ದು ಅದರ ಕೇಬಲ್ಲನ್ನು. ಒಳಗಿನ ಬೋರ್ಡ್ ಒಂದೇ ಕಡೆ ಅಲುಗಾಡದೆ ಕೂತಿರುತ್ತದೆ. ದಿನವೂ ಎಳೆಸಿಕೊಳ್ಳುವುದು, ಮಡಚಿಸಿಕೊಳ್ಳುವುದು, ಕುರ್ಚಿಯ ಗಾಲಿಗೆ ಸಿಕ್ಕಿಕೊಳ್ಳುವುದು ಕೇಬಲ್ ಮಾತ್ರ. ಅದರೊಳಗೆ ಕೆಲಸ ಮಾಡುವ ತಂತಿಗಳು ನಾಲ್ಕೇ. ಬೆಸುಗೆ ಹಾಕಲು ಸ್ವಲ್ಪ ಕೈ ಕೂತಿದ್ದರೆ ಒಂದು ಗಂಟೆಯ ಕೆಲಸ.

ಬೆಸುಗೆ ಇಲ್ಲಿ ಕಷ್ಟದ ಭಾಗವಲ್ಲ. ರಿಪೇರಿ ಬಾಳಿಕೆ ಬರುವುದು ಬೇರೆ ಎರಡು ಸಂಗತಿಗಳಿಂದ. ಕತ್ತರಿ ಹಾಕುವ ಮೊದಲೇ ತಂತಿ ಎಲ್ಲಿ ತುಂಡಾಗಿದೆ ಎಂದು ಖಚಿತವಾಗಿ ಗೊತ್ತಿರಬೇಕು. ಮುಗಿದ ಮೇಲೆ ಕೇಬಲ್ ಎಳೆದರೆ ಆ ಎಳೆತ ಬೆಸುಗೆಯನ್ನು ಮುಟ್ಟಬಾರದು. ಮನೆಯಲ್ಲಿ ಮಾಡಿದ ಜೋಡಣೆ ಮತ್ತೆ ಕೈಕೊಟ್ಟಿದ್ದರೆ, ಸಾಮಾನ್ಯವಾಗಿ ಈ ಎರಡರಲ್ಲಿ ಒಂದು ತಪ್ಪಿರುತ್ತದೆ.

ಒಳಗಿರುವ ತಂತಿಗಳು

ಯುಎಸ್‌ಬಿ ಕೇಬಲ್ಲಿನಲ್ಲಿ ಕೆಂಪು ತಂತಿ 5 ವೋಲ್ಟ್, ಕಪ್ಪು ಗ್ರೌಂಡ್, ಬಿಳಿ ಡಿ ಮೈನಸ್, ಹಸಿರು ಡಿ ಪ್ಲಸ್ (ಡಿ ಎಂದರೆ ಡೇಟಾ). ಕೆಲವು ಕೇಬಲ್‌ಗಳಲ್ಲಿ ಇವುಗಳ ಸುತ್ತ ತೆಳು ಲೋಹದ ಹಾಳೆ ಅಥವಾ ಹೆಣೆದ ಜಾಲರಿ ಇದ್ದು, ಜೊತೆಗೆ ಹೊದಿಕೆಯಿಲ್ಲದ ಐದನೇ ತಂತಿಯೊಂದು ಇರುತ್ತದೆ. ಇವೆಲ್ಲ ಸೇರಿ ಶೀಲ್ಡ್, ಅಂದರೆ ಹೊರಗಿನ ವಿದ್ಯುತ್ ಗದ್ದಲವನ್ನು ತಡೆಯುವ ಕವಚ. ಅಗ್ಗದ ಕೇಬಲ್‌ಗಳಲ್ಲಿ ಕೆಂಪು, ಕಪ್ಪಿನ ಬದಲು ಕಿತ್ತಳೆ, ನೀಲಿ ಬರುವುದೂ ಉಂಟು. ಹಾಗಾಗಿ ಬಣ್ಣವನ್ನು ಸುಳಿವು ಎಂದಷ್ಟೇ ಇಟ್ಟುಕೊಂಡು, ನಿರ್ಧಾರವನ್ನು ಮಲ್ಟಿಮೀಟರಿಗೆ (ವೋಲ್ಟ್, ಓಮ್ ಅಳೆಯುವ ಮೀಟರ್) ಬಿಡಬೇಕು.

ಪ್ಲಗ್ಗಿನ ಕಡೆ ಗುರುತು ಹಿಡಿಯುವುದು ಸುಲಭ. ಚಪ್ಪಟೆಯಾದ ಟೈಪ್-ಎ ಪ್ಲಗ್ಗಿನೊಳಗೆ ಸಾಲಾಗಿ ನಾಲ್ಕು ಸಂಪರ್ಕ ಪಟ್ಟಿಗಳಿರುತ್ತವೆ. ಎರಡು ಬದಿಯವು ಉದ್ದ, ನಡುವಿನ ಎರಡು ಗಿಡ್ಡ. ಬದಿಯವು 5 ವೋಲ್ಟ್ ಮತ್ತು ಗ್ರೌಂಡ್, ನಡುವಿನವು ಡೇಟಾ. ಪ್ಲಗ್ ತೂರಿಸುವಾಗ ಮೊದಲು ವಿದ್ಯುತ್ ಸೇರಿ ಆಮೇಲೆ ಡೇಟಾ ಸೇರಲಿ ಎಂದೇ ಈ ವ್ಯತ್ಯಾಸ. 5 ವೋಲ್ಟಿನ ಪಟ್ಟಿಯ ಪಕ್ಕದಲ್ಲಿ ಡಿ ಮೈನಸ್, ಗ್ರೌಂಡಿನ ಪಕ್ಕದಲ್ಲಿ ಡಿ ಪ್ಲಸ್ ಇರುತ್ತದೆ.

ಸಾಧಾರಣ ಕೀಬೋರ್ಡುಗಳಲ್ಲಿ ಹೆಚ್ಚಿನವು ಯುಎಸ್‌ಬಿಯ ಅತ್ಯಂತ ನಿಧಾನದ ವೇಗದಲ್ಲಿ, ಅಂದರೆ ಸೆಕೆಂಡಿಗೆ 1.5 ಮೆಗಾಬಿಟ್‌ನಲ್ಲಿ, ಕೆಲಸ ಮಾಡುತ್ತವೆ. ಈ ವೇಗದಲ್ಲಿ ಕೇಬಲ್ಲಿನ ನಡುವೆ ಒಂದು ಜೋಡಣೆ ಇದ್ದರೆ ಏನೂ ತೊಂದರೆಯಿಲ್ಲ. ಆದರೆ ಪೆನ್‌ಡ್ರೈವ್ ಚುಚ್ಚಲು ಕೀಬೋರ್ಡಿನಲ್ಲೇ ಪೋರ್ಟ್ ಕೊಟ್ಟಿದ್ದರೆ ಆ ಕೇಬಲ್ಲಿನಲ್ಲಿ 480 ಮೆಗಾಬಿಟ್ ಹರಿಯುತ್ತಿರಬಹುದು. ಅಂಥ ಕೇಬಲ್ಲನ್ನು ನಡುವೆ ಜೋಡಿಸಲು ಹೋಗಬೇಡಿ, ಪೂರ್ತಿ ಬದಲಿಸಿ.

ದುಂಡನೆಯ, ನೇರಳೆ ಬಣ್ಣದ ಪ್ಲಗ್ ಇರುವ ಹಳೆಯ ಪಿಎಸ್/2 ಕೀಬೋರ್ಡಿಗೂ ಇದೇ ವಿಧಾನ ಸಾಕು. ಆರು ಪಿನ್ನುಗಳಲ್ಲಿ ನಾಲ್ಕಕ್ಕಷ್ಟೇ ಕೆಲಸ: ಡೇಟಾ, ಗ್ರೌಂಡ್, 5 ವೋಲ್ಟ್, ಕ್ಲಾಕ್. ತಂತಿಗಳ ಬಣ್ಣಕ್ಕೆ ಇಲ್ಲಿ ನಿಯಮವೇ ಇಲ್ಲದ್ದರಿಂದ ಯಾವ ಬಣ್ಣ ಯಾವ ಪಿನ್ನಿಗೆ ಹೋಗುತ್ತದೆ ಎಂದು ಅಳೆದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಪಿಎಸ್/2 ಪ್ಲಗ್ಗನ್ನು ಕಂಪ್ಯೂಟರ್ ಆಫ್ ಇದ್ದಾಗ ಮಾತ್ರ ಹಾಕಬೇಕು, ತೆಗೆಯಬೇಕು.

ತಪ್ಪು ಕೇಬಲ್ಲಿನದೇ?

ಬೇರೆ ಪೋರ್ಟಿಗೆ, ಸಾಧ್ಯವಾದರೆ ಬೇರೆ ಕಂಪ್ಯೂಟರಿಗೂ ಹಾಕಿ ನೋಡಿ. ಆಮೇಲೆ ಲಕ್ಷಣಗಳನ್ನು ಗಮನಿಸಿ.

ಕೆಲವು ಕೀಗಳು ಮಾತ್ರ ಕೆಲಸ ಮಾಡುತ್ತಿಲ್ಲ ಎಂದಾದರೆ ಕೇಬಲ್ಲನ್ನು ಮುಟ್ಟಬೇಡಿ. ಎಲ್ಲ ಕೀಗಳ ಮಾಹಿತಿಯೂ ಅದೇ ಎರಡು ಡೇಟಾ ತಂತಿಗಳಲ್ಲಿ ಹೋಗುವುದರಿಂದ ಕೇಬಲ್ ಕೆಟ್ಟರೆ ಎಲ್ಲ ಕೀಗಳೂ ಒಟ್ಟಿಗೇ ಸಾಯುತ್ತವೆ. ಕ್ಯಾಪ್ಸ್ ಲಾಕ್ ಒತ್ತಿದಾಗ ದೀಪ ಹತ್ತಿ ಆರುತ್ತಿದ್ದರೂ ಆ ಹೊತ್ತಿಗೆ ಕೇಬಲ್ ಸರಿಯಿದೆ ಎಂದೇ ಅರ್ಥ. ಆ ದೀಪವನ್ನು ಹತ್ತಿಸುವುದು ಕಂಪ್ಯೂಟರ್. ಒತ್ತಿದ ಸುದ್ದಿ ಅಲ್ಲಿಗೆ ಹೋಗಿ, ಉತ್ತರ ಮರಳಿ ಬಂದಾಗಲಷ್ಟೇ ಅದು ಬೆಳಗುತ್ತದೆ.

ಕಂಪ್ಯೂಟರ್ ‘ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್’ ಎಂದು ಹೇಳಿದರೆ ಎಷ್ಟೋ ಸಲ ಹಸಿರು ತಂತಿ ಹೋಗಿರುತ್ತದೆ. ನಿಧಾನ ವೇಗದ ಕೀಬೋರ್ಡ್ ತಾನಿದ್ದೇನೆ ಎಂದು ತಿಳಿಸುವುದು ಬಿಳಿ ತಂತಿಯ ಮೂಲಕ, ಕೀಬೋರ್ಡಿನೊಳಗಿನ 1.5 ಕಿಲೋ ಓಮ್ ರೆಸಿಸ್ಟರ್ ಆ ತಂತಿಯನ್ನು 3.3 ವೋಲ್ಟಿಗೆ ಎತ್ತಿ ಹಿಡಿದಿರುತ್ತದೆ. ಬಿಳಿ ಸರಿಯಿದ್ದು ಹಸಿರು ತುಂಡಾದರೆ, ಯಾವುದೋ ಸಾಧನ ಬಂದಿದೆ ಎಂದು ಕಂಪ್ಯೂಟರಿಗೆ ಗೊತ್ತಾಗುತ್ತದೆ, ಆದರೆ ಮಾತುಕತೆ ನಡೆಯುವುದಿಲ್ಲ. ಬಿಳಿಯೇ ತುಂಡಾದರೆ ಕಂಪ್ಯೂಟರ್ ಸುಮ್ಮನಿರುತ್ತದೆ. ಕೆಂಪು ಅಥವಾ ಕಪ್ಪು ಹೋದರೂ ಹಾಗೆಯೇ, ಕೀಬೋರ್ಡ್ ಪೂರ್ತಿ ಮೌನ.

ಬರುತ್ತದೆ, ಹೋಗುತ್ತದೆ, ಕೇಬಲ್ ಅಲುಗಿಸಿದರೆ ಮತ್ತೆ ಬರುತ್ತದೆ ಎಂಬ ದೂರು ಇದ್ದರೆ ಇನ್ನು ಅನುಮಾನ ಬೇಡ.

ತುಂಡಾದ ಜಾಗ ಹುಡುಕುವುದು

ತಂತಿ ಹೆಚ್ಚಾಗಿ ಒಡೆಯುವುದು ಎರಡು ಕಡೆ: ಕೀಬೋರ್ಡಿನಿಂದ ಕೇಬಲ್ ಹೊರಬರುವಲ್ಲಿರುವ ರಬ್ಬರ್ ಕತ್ತಿನ ಆಚೀಚೆ ಕೆಲವು ಸೆಂಟಿಮೀಟರ್, ಇಲ್ಲವೇ ಪ್ಲಗ್ಗಿನ ಬುಡ. ಗಟ್ಟಿ ಭಾಗ ಮುಗಿದು ಮೆತ್ತಗಿನ ಭಾಗ ಶುರುವಾಗುವ ಗಡಿಯಲ್ಲೇ ಎಲ್ಲ ಬಾಗುವಿಕೆಯೂ ಬಂದು ಬೀಳುತ್ತದೆ. ಹೊರ ಸಿಪ್ಪೆ ಚೆನ್ನಾಗಿಯೇ ಕಾಣುತ್ತಿರುತ್ತದೆ, ಒಳಗೆ ತಾಮ್ರ ಕತ್ತರಿಸಿಹೋಗಿರುತ್ತದೆ.

ಯುಎಸ್‌ಬಿ ಕೀಬೋರ್ಡನ್ನು ಕಂಪ್ಯೂಟರಿಗೆ ಹಾಕಿ, ನೋಟ್‌ಪ್ಯಾಡ್ ತೆರೆದು, ಒಂದು ಕೀ ಮೇಲೆ ಏನಾದರೂ ಭಾರ ಇಡಿ. ಕೇಬಲ್ಲನ್ನು ಪ್ಲಗ್ ಕಡೆಯಿಂದ ಎರಡೆರಡು ಸೆಂಟಿಮೀಟರಿನಂತೆ ನಿಧಾನ ಬಾಗಿಸುತ್ತ ಬನ್ನಿ. ಅಕ್ಷರಗಳ ಸಾಲು ನಿಲ್ಲುವ ಅಥವಾ ಶುರುವಾಗುವ ಜಾಗಕ್ಕೆ ಟೇಪಿನ ಗುರುತು ಹಚ್ಚಿ. ಪೂರ್ತಿ ಸತ್ತ ಕೀಬೋರ್ಡಿಗೆ ಬೇರೆ ಉಪಾಯ ಬೇಕು. ಪ್ಲಗ್ ತೆಗೆದು, ಕೇಬಲ್ಲನ್ನು ಎರಡೂ ಕೈಗಳಲ್ಲಿ ಐದು ಸೆಂಟಿಮೀಟರ್ ಅಂತರದಲ್ಲಿ ಹಿಡಿದು ಮೆಲ್ಲಗೆ ಎಳೆಯುತ್ತ ಸಾಗಿ. ತಾಮ್ರ ಇರುವಲ್ಲಿ ಕೇಬಲ್ ಜಗ್ಗುವುದಿಲ್ಲ. ಹಲವು ತಂತಿಗಳು ಕಡಿದುಹೋದಲ್ಲಿ ಬರೀ ಪ್ಲಾಸ್ಟಿಕ್ ಉಳಿದಿದ್ದು, ಅದು ಸ್ವಲ್ಪ ಹಿಗ್ಗಿ ಸಣ್ಣಗಾಗುತ್ತದೆ. ಬೆರಳಿಗೆ ಆ ವ್ಯತ್ಯಾಸ ಗೊತ್ತಾಗುತ್ತದೆ.

ಕೊನೆಯ ಮಾತು ಮಲ್ಟಿಮೀಟರಿನದು. ಅದಕ್ಕೆ ಕೀಬೋರ್ಡ್ ಬಿಚ್ಚಬೇಕು. ಸ್ಕ್ರೂಗಳು ಹಿಂಬದಿಯಲ್ಲಿರುತ್ತವೆ, ಒಂದೆರಡು ಸ್ಟಿಕ್ಕರಿನ ಅಡಿಯಲ್ಲೋ ರಬ್ಬರ್ ಪಾದದ ಅಡಿಯಲ್ಲೋ ಅಡಗಿರುತ್ತವೆ. ಸ್ಟಿಕ್ಕರ್ ಮೇಲೆ ಬೆರಳು ಒತ್ತಿಕೊಂಡು ಹೋದರೆ ಗುಂಡಿ ಸಿಗುತ್ತದೆ. ಎಲ್ಲ ಸ್ಕ್ರೂ ತೆಗೆದರೂ ಬಿಡದಿದ್ದರೆ ಅಂಚಿನಲ್ಲಿ ಪ್ಲಾಸ್ಟಿಕ್ ಕೊಕ್ಕೆಗಳಿವೆ ಎಂದರ್ಥ. ಹಳೆಯ ಪ್ಲಾಸ್ಟಿಕ್ ಕಾರ್ಡ್ ತೂರಿಸಿ ಒಂದೊಂದಾಗಿ ಬಿಡಿಸಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಕೊಕ್ಕೆ ಮುರಿಯುತ್ತದೆ. ಬಿಚ್ಚುವಾಗ ಕೀಗಳು ಕೆಳಮುಖವಾಗಿಯೇ ಇರಲಿ. ಎತ್ತಿ ತಿರುಗಿಸಿದರೆ ಕೆಲವು ಕೀಬೋರ್ಡುಗಳಲ್ಲಿ ಕೀಗಳ ಅಡಿಯ ಪುಟ್ಟ ರಬ್ಬರ್ ಗುಮ್ಮಟಗಳು ಬಿಡಿಬಿಡಿಯಾಗಿ ಉದುರುತ್ತವೆ, ಅವನ್ನು ಮತ್ತೆ ಜೋಡಿಸುವುದು ಕೇಬಲ್ ರಿಪೇರಿಗಿಂತ ದೊಡ್ಡ ಕೆಲಸ.

ಒಳಗೆ, ಸಾಮಾನ್ಯವಾಗಿ ಒಂದು ಮೂಲೆಯಲ್ಲಿ, ಸಣ್ಣ ಬೋರ್ಡ್ ಕಾಣುತ್ತದೆ. ಕೇಬಲ್ ಅಲ್ಲಿಗೆ ಪುಟ್ಟ ಬಿಳಿ ಕನೆಕ್ಟರಿನಿಂದಲೋ ನೇರ ಬೆಸುಗೆಯಿಂದಲೋ ಸೇರಿರುತ್ತದೆ. ಏನನ್ನೂ ಕೀಳುವ ಮೊದಲು ಹತ್ತಿರದಿಂದ ಫೋಟೊ ತೆಗೆಯಿರಿ. ಯಾವ ಬಣ್ಣ ಯಾವ ಜಾಗದಲ್ಲಿದೆ, ಬೋರ್ಡಿನ ಮೇಲೆ ವಿಸಿಸಿ (5 ವೋಲ್ಟ್), ಡಿ ಪ್ಲಸ್, ಡಿ ಮೈನಸ್, ಜಿಎನ್‌ಡಿ (ಗ್ರೌಂಡ್) ಎಂದು ಏನು ಮುದ್ರಿಸಿದೆ, ಎರಡೂ ಕಾಣಬೇಕು. ಮೀಟರನ್ನು, ತಂತಿ ಕಡಿಯದಿದ್ದರೆ ಬೀಪ್ ಬರುವ ಕಂಟಿನ್ಯೂಟಿ ಸ್ಥಾನದಲ್ಲಿಟ್ಟು ಒಂದು ಕಡ್ಡಿ ಪ್ಲಗ್ಗಿನ ಪಟ್ಟಿಗೆ, ಇನ್ನೊಂದು ಬೋರ್ಡಿನ ಕಡೆಯ ತುದಿಗೆ ಮುಟ್ಟಿಸಿ. ನಾಲ್ಕೂ ತಂತಿಗಳಿಗೆ ಹೀಗೆ ಮಾಡಿ, ಕೇಬಲ್ ಬಾಗಿಸುತ್ತಲೂ ನೋಡಿ. ಎರಡು ಮೀಟರ್ ಕೇಬಲ್ಲಿಗೆ ಒಂದು ಓಮಿನ ಆಸುಪಾಸು ಬರಬೇಕು, ಅದರಲ್ಲೂ ಒಂದಿಷ್ಟು ಮೀಟರಿನ ಕಡ್ಡಿಗಳದ್ದೇ. ಹತ್ತಾರು ಓಮ್ ತೋರಿಸುವ ತಂತಿ ಇನ್ನೂ ಪೂರ್ತಿ ಕಡಿದಿಲ್ಲ, ಒಂದೆರಡು ಎಳೆಯ ಮೇಲೆ ನಿಂತಿದೆ.

ಎಲ್ಲಿ ಕತ್ತರಿಸಬೇಕು, ಎಲ್ಲಿ ಸೇರಿಸಬೇಕು

ಜೋಡಣೆ ಕೀಬೋರ್ಡಿನ ಹೊಟ್ಟೆಯೊಳಗೆ ಬರುವಂತಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಅಲ್ಲಿ ಅದು ಬಾಗುವುದಿಲ್ಲ, ಅದನ್ನು ಯಾರೂ ಎಳೆಯುವುದಿಲ್ಲ.

ಕೀಬೋರ್ಡಿನ ಕಡೆ ತುಂಡಾಗಿದ್ದರೆ, ಕೆಟ್ಟ ಜಾಗದಿಂದ ಮೂರು ಸೆಂಟಿಮೀಟರ್ ಆಚೆಗೆ, ಪ್ಲಗ್ಗಿನತ್ತ, ಕತ್ತರಿಸಿ ಆ ತುಣುಕನ್ನು ಬಿಟ್ಟುಬಿಡಿ. ಬೋರ್ಡಿನ ಕನೆಕ್ಟರನ್ನು ನಾಲ್ಕೈದು ಸೆಂಟಿಮೀಟರ್ ತಂತಿಯ ಸಮೇತ ಉಳಿಸಿಕೊಂಡು, ಗಿಡ್ಡವಾದ ಕೇಬಲ್ಲನ್ನು ಒಳಗೆ ತಂದು ಅದಕ್ಕೆ ಸೇರಿಸಿ. ಒಟ್ಟು ಹತ್ತು ಸೆಂಟಿಮೀಟರ್ ಉದ್ದ ಹೋಗಬಹುದು, ಹೋಗಲಿ.

ಪ್ಲಗ್ಗಿನ ಬುಡದಲ್ಲಿ ಹೋಗಿದ್ದರೆ ಬಿಡಿಯಾಗಿ ಸಿಗುವ ಪ್ಲಗ್ ತಂದು ಬೆಸೆಯಬಹುದು. ಆದರೆ ಅವುಗಳ ಕವಚ ಕೇಬಲ್ಲನ್ನು ಬಿಗಿಯಾಗಿ ಹಿಡಿಯುವುದಿಲ್ಲ, ಕೆಲವೇ ದಿನಗಳಲ್ಲಿ ಬೆಸುಗೆಯ ಬುಡದಲ್ಲಿ ತಂತಿ ಕಡಿಯುತ್ತದೆ. ಕೆಟ್ಟ ಯುಎಸ್‌ಬಿ ಮೌಸ್ ಒಂದಿದ್ದರೆ ಅದರ ಕೇಬಲ್ಲನ್ನು ಪೂರ್ತಿ ಬಿಡಿಸಿ ಕೀಬೋರ್ಡಿಗೆ ಹಾಕುವುದು ಎಷ್ಟೋ ಮೇಲು. ಪ್ಲಗ್ ಕಾರ್ಖಾನೆಯಲ್ಲೇ ಅಚ್ಚು ಹಾಕಿದ್ದಾಗಿರುತ್ತದೆ, ಜೋಡಣೆ ಒಳಗೆ ಬರುತ್ತದೆ. ಮೌಸಿನ ಕನೆಕ್ಟರ್ ನಿಮ್ಮ ಬೋರ್ಡಿಗೆ ಸಲೀಸಾಗಿ ಕೂತರೂ ನಂಬಿ ಪ್ಲಗ್ ಹಾಕಬೇಡಿ. ಅದರ ತಂತಿಗಳ ಕ್ರಮ ಬೇರೆ ಇರಬಹುದು. ಮೀಟರಿನಿಂದ ನೋಡಿ, ಬೇಕಿದ್ದರೆ ಹಳೆಯ ಕನೆಕ್ಟರಿನ ಬಾಲಕ್ಕೇ ಹೊಸ ಕೇಬಲ್ ಸೇರಿಸಿ. ಫೋನ್ ಚಾರ್ಜಿಂಗ್ ಕೇಬಲ್ ಬಳಸುವುದಾದರೆ ಒಳಗೆ ನಾಲ್ಕು ತಂತಿಗಳಿವೆಯೇ ಎಂದು ಮೊದಲು ನೋಡಿ. ಚಾರ್ಜಿಗೆಂದೇ ಮಾಡಿದವುಗಳಲ್ಲಿ ಎರಡೇ ಇರುತ್ತವೆ, ಅವು ಉಪಯೋಗಕ್ಕಿಲ್ಲ.

ಕೇಬಲ್ ಬಿಚ್ಚಿ ತೆಗೆಯುವಂತಿದ್ದು ಕೀಬೋರ್ಡಿನಲ್ಲಿ ಸಾಕೆಟ್ ಇದ್ದರೆ ಬೆಸುಗೆಯ ಮಾತೇ ಬೇಡ, ಡೇಟಾ ಹರಿಯುವ ಬೇರೆ ಕೇಬಲ್ ಹಾಕಿ.

ನಡುವಿನಲ್ಲಿ ಕಡಿದ ಕೇಬಲ್ಲಿಗೆ, ಬದಲಿ ಕೇಬಲ್ ಸಿಗದಿದ್ದಾಗ ಮಾತ್ರ, ನಡುವಿನ ಜೋಡಣೆ.

ಬೆಸುಗೆಯ ಕೆಲಸ

25ರಿಂದ 40 ವ್ಯಾಟಿನ ಸಣ್ಣ ಮೊನೆಯ ಸೋಲ್ಡರಿಂಗ್ ಐರನ್, ಒಳಗೆ ಫ್ಲಕ್ಸ್ (ಬೆಸುಗೆ ಹಿಡಿಯಲು ನೆರವಾಗುವ ವಸ್ತು) ಇರುವ 0.8 ಮಿಲಿಮೀಟರ್ ಸೋಲ್ಡರ್, ಚೂಪು ಬ್ಲೇಡು, ಕಟ್ಟರ್, ಮಲ್ಟಿಮೀಟರ್, ಎರಡು ಸಣ್ಣ ಕೇಬಲ್ ಟೈ ಸಾಕು. ಹೀಟ್ ಶ್ರಿಂಕ್ ಟ್ಯೂಬ್ ಎರಡು ಅಳತೆಯದು ಬೇಕು: ಒಳಗಿನ ಒಂದೊಂದು ತಂತಿಗೆ 1.5 ಅಥವಾ 2 ಮಿಲಿಮೀಟರ್, ನಾಲ್ಕು ಮಿಲಿಮೀಟರ್ ದಪ್ಪದ ಕೇಬಲ್ಲಿನ ಹೊರಗೆ 6 ಮಿಲಿಮೀಟರ್. ಬಿಸಿ ತಗುಲಿದಾಗ ಇದು ಸುಮಾರು ಅರ್ಧಕ್ಕೆ ಕುಗ್ಗುತ್ತದೆ. ತಾಪ ಹೊಂದಿಸುವ ಐರನ್ ಇದ್ದರೆ ಸೀಸ ಇರುವ ಸೋಲ್ಡರಿಗೆ 320ರಿಂದ 350 ಡಿಗ್ರಿ ಸೆಲ್ಸಿಯಸ್ ಇಡಿ. ಸೀಸವಿಲ್ಲದ್ದು 217 ಡಿಗ್ರಿಯ ಸುಮಾರಿಗೆ ಕರಗುವುದರಿಂದ ಅದಕ್ಕೆ ಇನ್ನೂ 30 ಡಿಗ್ರಿ ಹೆಚ್ಚು ಬೇಕಾಗಬಹುದು. ಕಿಟಕಿ ತೆರೆದಿರಲಿ, ಫ್ಲಕ್ಸಿನ ಹೊಗೆ ಗಂಟಲಿಗೆ ಒಳ್ಳೆಯದಲ್ಲ. ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ.

ನಡುವಿನ ಜೋಡಣೆಯನ್ನೇ ಮಾದರಿಯಾಗಿ ಹೇಳುತ್ತೇವೆ. ಕೀಬೋರ್ಡಿನೊಳಗೆ ಮಾಡುವಾಗಲೂ ಕ್ರಮ ಇದೇ, ಹೊರಗಿನ ದಪ್ಪ ಟ್ಯೂಬ್ ಮಾತ್ರ ಅಲ್ಲಿ ಬೇಡ.

1. ಏಳೆಂಟು ಸೆಂಟಿಮೀಟರ್ ಉದ್ದದ ದಪ್ಪ ಟ್ಯೂಬನ್ನು ಮೊದಲೇ ಕೇಬಲ್ಲಿಗೆ ತೂರಿಸಿ ದೂರ ಸರಿಸಿಡಿ. ನಾಲ್ಕೂ ತಂತಿ ಬೆಸೆದು ಮುಗಿಸಿದ ಮೇಲೆ ಇದು ನೆನಪಾದರೆ ಮತ್ತೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ.

2. ಎರಡೂ ತುದಿಗಳಲ್ಲಿ ಹೊರ ಸಿಪ್ಪೆಯನ್ನು ನಾಲ್ಕು ಸೆಂಟಿಮೀಟರ್ ಸುಲಿಯಿರಿ. ಬ್ಲೇಡಿನಿಂದ ಸುತ್ತಲೂ ಹಗುರವಾಗಿ ಗೀರಿ, ಕೇಬಲ್ಲನ್ನು ಬಾಗಿಸಿದರೆ ಗೀರಿದಲ್ಲಿ ಸಿಪ್ಪೆ ಬಿರಿಯುತ್ತದೆ. ಪೂರ್ತಿ ಆಳಕ್ಕೆ ಕುಯ್ದರೆ ಒಳಗಿನ ತಂತಿಗೂ ಗಾಯವಾಗುತ್ತದೆ.

3. ಬಲು ಮುಖ್ಯವಾದ ಹೆಜ್ಜೆ: ನಾಲ್ಕು ಜೋಡಣೆಗಳೂ ಒಂದೇ ಜಾಗದಲ್ಲಿ ಬರಬಾರದು. ಒಂದು ತುದಿಯಲ್ಲಿ ಕೆಂಪು 10, ಬಿಳಿ 20, ಹಸಿರು 30, ಕಪ್ಪು 40 ಮಿಲಿಮೀಟರ್ ಉಳಿಯುವಂತೆ ಕತ್ತರಿಸಿ. ಇನ್ನೊಂದು ತುದಿಯಲ್ಲಿ ತಿರುವುಮುರುವು, ಕೆಂಪು 40, ಬಿಳಿ 30, ಹಸಿರು 20, ಕಪ್ಪು 10. ಈಗ ಪ್ರತಿ ಜೋಡಣೆಯೂ ಪಕ್ಕದ್ದರಿಂದ ಒಂದು ಸೆಂಟಿಮೀಟರ್ ದೂರ ಬೀಳುತ್ತದೆ. ಒಂದು ಟ್ಯೂಬ್ ಜಾರಿದರೂ ಕೆಂಪು ಕಪ್ಪು ಮುಟ್ಟಿಕೊಳ್ಳುವುದಿಲ್ಲ, ಕೇಬಲ್ಲೂ ಒಂದೇ ಕಡೆ ಗಂಟಿನಂತೆ ಉಬ್ಬುವುದಿಲ್ಲ.

4. ಪ್ರತಿ ತಂತಿಯ ತುದಿಯಲ್ಲಿ ಆರು ಮಿಲಿಮೀಟರ್ ಸುಲಿದು, ಉದ್ದವಿರುವ ಕಡೆಯ ತಂತಿಗೆ ಒಂದೂವರೆ ಸೆಂಟಿಮೀಟರ್ ಸಣ್ಣ ಟ್ಯೂಬ್ ತೂರಿಸಿ ಬುಡದವರೆಗೆ ತಳ್ಳಿಡಿ. ಬೆಸುಗೆಯ ಹತ್ತಿರವಿದ್ದರೆ ಆ ಬಿಸಿಗೇ ಕುಗ್ಗಿ ಅಲ್ಲೇ ಕಚ್ಚಿಕೊಳ್ಳುತ್ತದೆ.

5. ಎರಡು ತುದಿಗಳ ಎಳೆಗಳನ್ನು ಎದುರುಬದುರಾಗಿ ಒಂದರೊಳಗೊಂದು ತೂರಿಸಿ, ತಂತಿಯ ಉದ್ದಕ್ಕೇ ಹೊರಳಿಸಿ. ಅಕ್ಕಪಕ್ಕ ಹಿಡಿದು ಜಡೆಯಂತೆ ತಿರುಚಿ ನಿಲ್ಲಿಸಿದರೆ ಟ್ಯೂಬ್ ಅದರ ಮೇಲೆ ಹೋಗುವುದಿಲ್ಲ.

6. ಐರನ್ ಮೊನೆ ಕೆಳಗಿನಿಂದ, ಸೋಲ್ಡರ್ ಮೇಲಿನಿಂದ. ತಾಮ್ರ ಕಾದಾಗ ಸೋಲ್ಡರ್ ತಾನಾಗಿಯೇ ಎಳೆಗಳ ನಡುವೆ ಹೀರಿಕೊಳ್ಳುತ್ತದೆ. ಒಂದೆರಡು ಸೆಕೆಂಡಿನಲ್ಲಿ ಐರನ್ ತೆಗೆಯಿರಿ. ತಡವಾದರೆ ತಂತಿಯ ಹೊದಿಕೆ ಕರಗಿ ಹಿಂದಕ್ಕೆ ಸರಿಯುತ್ತದೆ. ಸೋಲ್ಡರಿನ ಒಳಗಿನಿಂದ ಎಳೆಗಳ ಆಕಾರ ಕಾಣುತ್ತಿರಬೇಕು. ಗುಂಡಗೆ ಉಂಡೆ ಕಟ್ಟಿದ್ದರೆ ಒಳಗೆ ಹಿಡಿದಿಲ್ಲ. ಚೂಪು ಮೊನೆ ಎದ್ದಿದ್ದರೆ ಮತ್ತೊಮ್ಮೆ ಮುಟ್ಟಿಸಿ ಇಳಿಸಿ, ಇಲ್ಲದಿದ್ದರೆ ಅದು ಟ್ಯೂಬನ್ನು ಚುಚ್ಚುತ್ತದೆ.

7. ತಣ್ಣಗಾದ ಮೇಲೆ ಸಣ್ಣ ಟ್ಯೂಬನ್ನು ಜೋಡಣೆಯ ನಡುಮಧ್ಯಕ್ಕೆ ಎಳೆದು ಬಿಸಿಗಾಳಿಯಲ್ಲಿ ಅಥವಾ ಐರನ್ನಿನ ಪಕ್ಕೆಯನ್ನು ಹತ್ತಿರ ಹಿಡಿದು ಕುಗ್ಗಿಸಿ. ನಾಲ್ಕೂ ಹೀಗೆ.

ಶೀಲ್ಡ್ ಎರಡೂ ಕಡೆ ಇದ್ದರೆ ಅದನ್ನೂ ಹೀಗೆಯೇ ಸೇರಿಸಿ ಮೇಲೆ ಟ್ಯೂಬ್ ಹಾಕಿ. ಬದಲಿ ಕೇಬಲ್ಲಿನಲ್ಲಿ ಶೀಲ್ಡ್ ಇಲ್ಲದಿದ್ದರೆ ಇರುವ ಕಡೆಯದನ್ನು ಗಿಡ್ಡ ಕತ್ತರಿಸಿ ಮುಚ್ಚಿಬಿಡಿ, ಸಾಧಾರಣ ಕೀಬೋರ್ಡ್ ಅದಿಲ್ಲದೆಯೂ ನಡೆಯುತ್ತದೆ. ಭಯಪಡಬೇಕಾದ್ದು ಜಾಲರಿಯ ಸಡಿಲ ಎಳೆಗೆ. ಕೂದಲಿನಷ್ಟು ಸಣ್ಣ ಎಳೆಯೊಂದು ಕೆಂಪು ತಂತಿಯ ಬೆಸುಗೆಗೆ ತಾಗಿದರೆ ಶಾರ್ಟ್ ಆದಂತೆಯೇ.

ಸೋಲ್ಡರ್ ಹಿಡಿಯುವುದೇ ಇಲ್ಲ, ಎಳೆಗಳಿಗೆ ಕೆಂಪು ಹಸಿರು ಮೆರುಗು ಇದೆ ಎಂದಾದರೆ ಅದು ಎನಾಮಲ್ ಲೇಪಿಸಿದ ತಂತಿ. ಐರನ್ ಮೊನೆಯಲ್ಲಿ ದೊಡ್ಡ ಹನಿ ಸೋಲ್ಡರ್ ಹಿಡಿದು ತಂತಿಯ ತುದಿಯನ್ನು ಅದರಲ್ಲಿ ಕೆಲವು ಸೆಕೆಂಡ್ ಅದ್ದಿದರೆ ಲೇಪ ಸುಟ್ಟು ಬೆಳ್ಳಿಬಣ್ಣ ಹಿಡಿಯುತ್ತದೆ. ಒಳಗೆ ನೂಲಿನ ಎಳೆಯೂ ಇದ್ದರೆ ಅದನ್ನು ಮೊದಲೇ ಕತ್ತರಿಸಿ.

ಬೆಸುಗೆ ಇಲ್ಲದೆ ತಿರುಚಿ ಟೇಪ್ ಸುತ್ತಿದರೂ ಕೀಬೋರ್ಡ್ ಅಂದೇ ಓಡುತ್ತದೆ. ಆದರೆ ಟೇಪಿನ ಅಂಟು ಸಡಿಲವಾಗುತ್ತದೆ, ತಾಮ್ರ ಕಪ್ಪಾಗುತ್ತದೆ, ಒಂದು ದಿನ ಟೈಪ್ ಮಾಡುತ್ತಿರುವಾಗಲೇ ಕೈಕೊಡುತ್ತದೆ. ತುರ್ತಿಗೆ ಮಾತ್ರ ಸರಿ.

ಕಂಪ್ಯೂಟರಿಗೆ ಹಾಕುವ ಮೊದಲು

ಹೊರಗಿನ ದಪ್ಪ ಟ್ಯೂಬನ್ನು ಈಗಲೇ ಕುಗ್ಗಿಸಬೇಡಿ. ಮತ್ತೆ ಕಂಟಿನ್ಯೂಟಿ ನೋಡಿ: ಪ್ಲಗ್ಗಿನ ಪ್ರತಿ ಪಟ್ಟಿಯಿಂದ ಬೋರ್ಡಿನ ಸರಿಯಾದ ಬಿಂದುವಿಗೆ ಬೀಪ್ ಬರಬೇಕು. ಪಕ್ಕಪಕ್ಕದ ಪಟ್ಟಿಗಳ ನಡುವೆ, ಪ್ಲಗ್ಗಿನ ಲೋಹದ ಕವಚಕ್ಕೂ ಕೆಂಪು ತಂತಿಗೂ ನಡುವೆ ಬೀಪ್ ಬರಬಾರದು. 5 ವೋಲ್ಟ್ ಮತ್ತು ಗ್ರೌಂಡ್ ನಡುವೆ ಅಳೆದಾಗ ಕ್ಷಣಕಾಲ ಕಡಿಮೆ ತೋರಿಸಿ ಮೇಲೇರುತ್ತಾ ಹೋದರೆ ಹೆದರಬೇಡಿ, ಬೋರ್ಡಿನ ಕೆಪಾಸಿಟರ್ ತುಂಬಿಕೊಳ್ಳುತ್ತಿದೆ. ಸೊನ್ನೆಯ ಹತ್ತಿರವೇ ನಿಂತರೆ ಎಲ್ಲೋ ಶಾರ್ಟ್ ಇದೆ, ಕಂಪ್ಯೂಟರಿಗೆ ಹಾಕಲೇಬಾರದು.

ಬಿಳಿ ಹಸಿರು ಅದಲುಬದಲಾದರೆ ‘ರೆಕಗ್ನೈಸ್’ ಆಗುವುದಿಲ್ಲ, ಬದಲಿಸಿ ಬೆಸೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಕೆಂಪು ಕಪ್ಪು ಅದಲುಬದಲಾದರೆ ಕೀಬೋರ್ಡಿನ ಚಿಪ್ ಸುಟ್ಟುಹೋಗಬಹುದು. ಆದ್ದರಿಂದ ಆ ಎರಡನ್ನು ಎರಡು ಸಲ ನೋಡಿ. ಸ್ವಂತ ವಿದ್ಯುತ್ ಇರುವ ಹಳೆಯ ಯುಎಸ್‌ಬಿ ಹಬ್ ಇದ್ದರೆ ಮೊದಲ ಪರೀಕ್ಷೆ ಅದರ ಮೂಲಕ ನಡೆಯಲಿ.

ಕೀಬೋರ್ಡ್ ಸರಿಯಾಗಿ ಓಡಿದ ಮೇಲೆ, ಪ್ಲಗ್ ತೆಗೆದು, ದಪ್ಪ ಟ್ಯೂಬನ್ನು ಎರಡೂ ಕಡೆಯ ಸಿಪ್ಪೆಯ ಮೇಲೆ ಕನಿಷ್ಠ ಒಂದೂವರೆ ಸೆಂಟಿಮೀಟರ್ ಹತ್ತುವಂತೆ ಎಳೆದು ಕುಗ್ಗಿಸಿ.

ಎಳೆತವನ್ನು ತಡೆಯುವುದು

ಬೆಸುಗೆ ಹಾಕಿದ ತಂತಿ ಗಟ್ಟಿಯಾಗಿರುತ್ತದೆ, ಆದರೆ ಸೋಲ್ಡರ್ ಹೀರಿದ ಭಾಗ ಮುಗಿಯುವಲ್ಲಿ ಬಾಗಿಸಿದರೆ ಬೇಗ ಮುರಿಯುತ್ತದೆ. ಹೆಚ್ಚು ಸೋಲ್ಡರ್ ಸುರಿದಷ್ಟೂ ಅದು ಹೊದಿಕೆಯೊಳಗೆ ಮುಂದಕ್ಕೆ ಹರಿದು ಈ ತೊಂದರೆ ಹೆಚ್ಚುತ್ತದೆ. ನಡುವಿನ ಜೋಡಣೆ ಮೇಜಿನ ಮೇಲೆ ಚಪ್ಪಟೆಯಾಗಿ ಮಲಗುವ ಕಡೆ ಬರಲಿ, ಮೇಜಿನ ಅಂಚಿನಲ್ಲಿ ಬಾರದಿರಲಿ.

ಕೀಬೋರ್ಡಿನೊಳಗೆ ಕೇಬಲ್ ಬರುವ ದಾರಿಯಲ್ಲಿ ಪ್ಲಾಸ್ಟಿಕ್ ಗೂಟಗಳಿರುತ್ತವೆ. ಕೇಬಲ್ಲನ್ನು ಅವುಗಳ ನಡುವೆ ಹಾವಿನ ನಡಿಗೆಯಲ್ಲಿ ಮೊದಲಿದ್ದಂತೆಯೇ ಕೂರಿಸಿ. ಹೊಸ ಕೇಬಲ್ ಸಣ್ಣಗಿದ್ದು ಅಲ್ಲಿ ಸಡಿಲವಾದರೆ ಗೂಟ ಹಿಡಿಯುವ ಜಾಗದಲ್ಲಿ ಎರಡು ಪದರ ಹೀಟ್ ಶ್ರಿಂಕ್ ಹಾಕಿ ದಪ್ಪ ಮಾಡಿ. ರಂಧ್ರದ ಒಳಬದಿಯಲ್ಲಿ, ಹೊರ ಸಿಪ್ಪೆಯ ಮೇಲೆ, ಕೇಬಲ್ ಟೈ ಒಂದನ್ನು ಬಿಗಿದರೆ ಹೊರಗೆ ಎಳೆದಾಗ ಅದು ಗೋಡೆಗೆ ತಾಗಿ ನಿಲ್ಲುತ್ತದೆ. ಟೈನಿಂದ ಬೋರ್ಡಿನವರೆಗೆ ತಂತಿಗಳು ಎರಡು ಮೂರು ಸೆಂಟಿಮೀಟರ್ ಸಡಿಲವಾಗಿ ಉಳಿಯಬೇಕು. ಹಳೆಯ ರಬ್ಬರ್ ಕತ್ತನ್ನು ಬಿಸಾಡಬೇಡಿ. ಉದ್ದಕ್ಕೆ ಸೀಳಿ ಹಳೆಯ ಕೇಬಲ್ ತೆಗೆದು ಹೊಸದನ್ನು ಕೂರಿಸಿದರೆ ಬಾಗುವಿಕೆಯನ್ನು ಅದು ಮೊದಲಿನಂತೆ ಹಂಚಿಕೊಳ್ಳುತ್ತದೆ. ಸೂಪರ್ ಗ್ಲೂ ಮಾತ್ರ ಬೇಡ, ಒಣಗಿದ ಗ್ಲೂನ ಅಂಚು ಗಡುಸಾಗಿ ಅಲ್ಲೇ ಹೊಸ ಮುರಿತ ಶುರುವಾಗುತ್ತದೆ.

ಮುಚ್ಚುವ ಮುನ್ನ ಹೊರಗಿನ ಕೇಬಲ್ಲನ್ನು ಕೈಯಿಂದ ಜಗ್ಗಿ, ಕಣ್ಣು ಬೋರ್ಡಿನ ಮೇಲಿರಲಿ. ತಂತಿಗಳು ಕದಲಿದರೆ ಟೈ ಇನ್ನೂ ಬಿಗಿಯಾಗಬೇಕು.

ಮುಚ್ಚಿದ ಮೇಲೆ ಕೆಲವು ಕೀ ಸತ್ತರೆ

ಮೆಂಬ್ರೇನ್ ಕೀಬೋರ್ಡಿನಲ್ಲಿ ಪಾರದರ್ಶಕ ಹಾಳೆಯ ಬಾಲ ಬೋರ್ಡಿನ ಕಪ್ಪು ಪಟ್ಟಿಗಳ ಮೇಲೆ ಬರೀ ಒತ್ತಡದಿಂದ ಕೂತಿರುತ್ತದೆ. ಬೋರ್ಡನ್ನು ಬಿಚ್ಚಿ ಮತ್ತೆ ಕೂರಿಸುವಾಗ ಹಾಳೆ ಒಂದು ಮಿಲಿಮೀಟರ್ ಸರಿದರೂ, ಸ್ಕ್ರೂ ಒಂದು ಕಡೆ ಸಡಿಲ ಉಳಿದರೂ, ಒಂದು ಗುಂಪಿನ ಕೀಗಳು ಒಟ್ಟಿಗೇ ಸತ್ತಂತೆ ಕಾಣುತ್ತದೆ. ಕೇಬಲ್ಲನ್ನು ಮತ್ತೆ ಕತ್ತರಿಸಲು ಹೋಗಬೇಡಿ. ಹಾಳೆಯನ್ನು ಅದರ ಗೂಟಗಳ ಮೇಲೆ ಸರಿಯಾಗಿ ಕೂರಿಸಿ, ಒತ್ತುವ ಪಟ್ಟಿಯ ಸ್ಕ್ರೂಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಕಪ್ಪು ಪಟ್ಟಿಗಳು ಕಾರ್ಬನ್ನಿನವು. ಕೊಳೆಯಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಕಿಸಿದ ಹತ್ತಿಯಿಂದ ಒಮ್ಮೆ ಹಗುರವಾಗಿ ಒರೆಸಿ ಒಣಗಲು ಬಿಡಿ; ಉಜ್ಜಿದರೆ ಕಾರ್ಬನ್ನೇ ಎದ್ದುಬರುತ್ತದೆ. ಹಿಂಬದಿಯ ಎಲ್ಲ ಸ್ಕ್ರೂ ಹಾಕುವ ಮೊದಲು ಎರಡು ಮೂರನ್ನಷ್ಟೇ ಬಿಗಿದು, ಎಫ್1ರಿಂದ ನಂಬರ್ ಪ್ಯಾಡಿನ ಎಂಟರ್‌ವರೆಗೆ ಪ್ರತಿ ಕೀಯನ್ನೂ ಒತ್ತಿ ನೋಡಿ.